ಕವಲಂದೆಯಲ್ಲಿ ನಿಂತ ಕಾರು

ಕಳೆದ ಶ್ರಾವಣದ ಕೊನೆಯ ಸೋಮವಾರ ನನ್ನ ಕಾರು ನನ್ನನ್ನು ದುಡ್ಡು ಕೇಳಿತು. ಕಾರಿಗೆ ದುಡ್ಡು ಸುರಿಯುವುದು ಹೊಸದಲ್ಲ ಬಿಡಿ. ಟೈರು, ವಿಮೆ, ಒರೆಸುವ ಬಟ್ಟೆ ಎಂದು ಕೊಡುತ್ತಲೇ ಇರುತ್ತೇವೆ. ಆದರೆ ಆ ದಿನದವರೆಗೆ ಅದು ತಾನಾಗಿ ಬಾಯಿಬಿಟ್ಟು ಕೇಳಿರಲಿಲ್ಲ. ಕವಲಂದೆಯ ಗೆಳೆಯರೊಬ್ಬರ ಮನೆಯಲ್ಲಿ ಹೊಟ್ಟೆ ಬಿರಿಯ ಉಂಡು, ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು, ಪ್ರಪಂಚವೆಲ್ಲ ಸುಸೂತ್ರವಾಗಿ ನಡೆಯುತ್ತಿದೆ ಎಂಬ ಸಂತೃಪ್ತಿಯಲ್ಲಿ ಸ್ಟೀರಿಂಗಿನ ಹಿಂದೆ ಕೂತರೆ, ಎದುರಿನ ಪರದೆಯ ಮೇಲೆ ಒಂದು ಚೌಕ ಮೂಡಿ ಬಂತು: ನಿಮ್ಮ ವಾಹನದ ಸಂಪರ್ಕ ಸೇವೆಯ ಅವಧಿ ಮುಗಿದಿದೆ, ಮುಂದುವರಿಸಲು ಹಣ ಪಾವತಿಸಿ. ಕೆಳಗೆ ಎರಡು ಗುಂಡಿ. ಒಂದು ‘ಈಗಲೇ’, ಇನ್ನೊಂದು ‘ಆಮೇಲೆ’. ಜೀವಮಾನವಿಡೀ ಎರಡನೆಯದನ್ನೇ ಒತ್ತಿಕೊಂಡು ಬಂದವನು ನಾನು, ಆಗಲೂ ಒತ್ತಿದೆ. ಚೌಕ ಮಾಯವಾಯಿತು, ನಾನು ನಂಜನಗೂಡಿನ ದಾರಿ ಹಿಡಿದೆ.

ದಾರಿಯುದ್ದಕ್ಕೂ ಅದೇ ಯೋಚನೆ. ನಮ್ಮ ಮನೆಯಲ್ಲಿ ಕರೆನ್ಸಿ ಹಾಕಿಸದೆ ಬದುಕುವ ವಸ್ತು ಯಾವುದಾದರೂ ಇದೆಯೇ ಎಂದು ಹುಡುಕುತ್ತ ಹೋದರೆ ಕೊನೆಗೆ ಹಿತ್ತಿಲಿನ ಒರಳುಕಲ್ಲು ಒಂದೇ ಉಳಿಯಿತು. ಫೋನಿಗೆ, ಟೀವಿಗೆ, ನೀರು ಶುದ್ಧಿ ಮಾಡುವ ಯಂತ್ರಕ್ಕೆ ಕಾಲಕಾಲಕ್ಕೆ ನೈವೇದ್ಯ ಸಲ್ಲಬೇಕು. ಒಂದು ದಿನ ತಪ್ಪಿದರೆ ಅವು ಮೌನವ್ರತ ಹಿಡಿಯುತ್ತವೆ. ಈಗ ಕಾರೂ ಆ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಿತ್ತು. ಆಮೇಲೆ ತಿಳಿದದ್ದು: ಕಾರಿನ ಮುಂಭಾಗದಲ್ಲಿ ಎಲ್ಲೋ ಒಳಗೆ ಮೋಡೆಮ್ ಎಂಬ ಪುಟ್ಟ ಡಬ್ಬಿಯಿರುತ್ತದಂತೆ, ಅದರೊಳಗೊಂದು ಸಿಮ್ಮು, ಆ ಸಿಮ್ಮಿಗೊಂದು ನಂಬರು. ನಾನು ಎರಡು ವರ್ಷ ಕಾರಿನೊಳಗೆ ಕೂತು ಓಡಾಡಿದ್ದರೂ ಅದಕ್ಕೆ ತನ್ನದೇ ಫೋನಿದೆಯೆಂಬ ಸುಳಿವೇ ನನಗಿರಲಿಲ್ಲ. ನಾನು ಹಾಡು ಗುನುಗುತ್ತ ಸಾಗುವಾಗ ಅದು ಯಾರೊಂದಿಗೋ ನಿರಂತರ ಸಂಭಾಷಣೆ ನಡೆಸುತ್ತಿತ್ತು. ಸಂಸಾರದಲ್ಲಿ ಗಂಡಸಿಗೆ ಎಲ್ಲ ವಿಷಯವೂ ಕೊನೆಗೇ ತಿಳಿಯುವುದು, ಇದರಲ್ಲಿ ಆಶ್ಚರ್ಯವೇನಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಂಜನಗೂಡಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ವೃತ್ತಿಯುದ್ದಕ್ಕೂ ರಥ, ತುರಗ, ಪುಷ್ಪಕ ವಿಮಾನಗಳನ್ನು ಪುಂಖಾನುಪುಂಖವಾಗಿ ವರ್ಣಿಸಿ, ಸ್ವತಃ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದವನಿಗೆ ನಿವೃತ್ತಿಯ ನಂತರ ಒಂದು ವಾಹನಯೋಗ ಕೂಡಿಬಂತು. ಮೈಸೂರಿನ ವೈದ್ಯರೊಬ್ಬರು ದೊಡ್ಡ ಕಾರು ಕೊಳ್ಳುವ ಸಲುವಾಗಿ ತಮ್ಮ ಕರೆಂಟ್ ಕಾರನ್ನು ಮಾರಿದರು, ನಾನು ಕೊಂಡೆ. ಎರಡನೇ ಕೈ ಗಾಡಿಯ ಜೊತೆಗೆ ಎರಡು ವರ್ಷದ ಸಂಪರ್ಕ ಸೇವೆಯೂ ಪುಕ್ಕಟೆಯಾಗಿ ಬಂದಿತ್ತು. ನನ್ನ ತಾತ ಹಿಂದೆ ಸಂತೆಯಲ್ಲಿ ಒಂದು ಜೋಡಿ ಎತ್ತು ಕೊಂಡು, ಅವನ್ನು ಗಾಡಿಗೆ ಕಟ್ಟಿ, ಎತ್ತುಗಳಿಗೆ ಮನೆ ಗೊತ್ತಿರುತ್ತದೆಂದು ಧೈರ್ಯವಾಗಿ ಮಲಗಿಬಿಟ್ಟನಂತೆ; ಎತ್ತುಗಳಿಗೆ ಮನೆ ಗೊತ್ತಿದ್ದದ್ದು ನಿಜ, ಬೆಳಗ್ಗೆ ಕಣ್ಣುಬಿಟ್ಟಾಗ ಮಾರಿದವನ ಹಟ್ಟಿಯ ಮುಂದೆ ಇದ್ದನಂತೆ. ನನ್ನ ಕಾರೂ ಅದೇ ಜಾತಿಯದು. ಪರದೆಯಲ್ಲಿ ‘ಮನೆ’ ಎಂದು ಒತ್ತಿದರೆ ಇವತ್ತಿಗೂ ಅದು ಮೈಸೂರಿನ ಡಾಕ್ಟರ ಗೇಟಿನ ದಾರಿಯನ್ನೇ ತೋರಿಸುತ್ತದೆ.

ಕರೆಂಟ್ ಕಾರು ಇಟ್ಟುಕೊಂಡವರ ಪ್ರಾಣವೆಲ್ಲ ಪರದೆಯ ಮೂಲೆಯಲ್ಲಿ ಬ್ಯಾಟರಿಯ ಚಾರ್ಜು ನೂರಕ್ಕೆ ಎಷ್ಟು ಉಳಿದಿದೆಯೆಂದು ತೋರಿಸುವ ಒಂದು ಅಂಕೆಯಲ್ಲಿ ಇರುತ್ತದೆ. ಹುಡುಗರ ಅಂಕಪಟ್ಟಿ ನೋಡಿ ಹುಬ್ಬು ಗಂಟಿಕ್ಕುತ್ತಿದ್ದ ನನಗೆ ಈಗ ಕಾರಿನ ಅಂಕ ನೋಡಿ ಬೆವರುವ ಯೋಗ. ಮೊದಲ ತಿಂಗಳಂತೂ ಎಂಬತ್ತು ಇದ್ದದ್ದು ಎಪ್ಪತ್ತೊಂಬತ್ತಾದರೆ ಎದೆ ಧಸಕ್ಕೆನ್ನುತ್ತಿತ್ತು. ಆ ಭಯದಲ್ಲೇ ನಾನು ಒಂದು ಅಪರಾಧ ಮಾಡಿದೆ. ಈ ಪ್ರಬಂಧಕ್ಕೆ ಕಾರಣವೇ ಅದು, ಆದ್ದರಿಂದ ಮುಚ್ಚಿಡದೆ ಹೇಳುತ್ತೇನೆ.

ತಿ. ನರಸೀಪುರದ ಆಚೆ ಸೋಸಲೆಯಲ್ಲಿ ನನ್ನ ಅಕ್ಕ ಇದ್ದಾಳೆ, ಶಿವನಂಜಮ್ಮ. ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮವ್ವನಿಗೆ ಹೊಲದ ಕೆಲಸ ಮುಗಿಯುತ್ತಲೇ ಇರಲಿಲ್ಲವಾಗಿ ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳೇ. ಮಗ್ಗಿ ಬಾಯಿಪಾಠ ಮಾಡಿಸಿದ್ದು, ಈಜು ಬರಲಿ ಎಂದು ಕಪಿಲೆಗೆ ತಳ್ಳಿದ್ದು, ತಳ್ಳಿದ ಮೇಲೆ ಹೆದರಿ ತಾನೇ ಹಾರಿ ಎಳೆದುತಂದದ್ದು, ಎಲ್ಲವೂ ಅವಳೇ. ಈಗ ಅವಳದು ತುಂಬಿದ ಮನೆ. ಗಂಡ ಗುರುಸಿದ್ದಪ್ಪ, ಅಂದರೆ ನಮ್ಮ ಭಾವ, ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಕೊಟ್ಟಿಗೆ ತುಂಬ ಹಸು, ದಿನಕ್ಕೆರಡು ಸಲ ಡೈರಿಗೆ ಹೋಗುವ ಹಾಲು. ಪ್ರತಿ ಗೌರಿ ಹಬ್ಬದ ಬೆಳಗ್ಗೆ ತವರಿನ ಬಾಗಿನವನ್ನು ತಮ್ಮನಾದವನು ಕೈಯಾರೆ ಹೊತ್ತು ಅವಳ ಹೊಸ್ತಿಲು ದಾಟಬೇಕು. ಜೋಡಿ ಮೊರ, ಅದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಅರಿಶಿನ ಕುಂಕುಮ, ಮೇಲೊಂದು ಸೀರೆ. ಅಪ್ಪ ಇದ್ದಷ್ಟು ದಿನ ಅಪ್ಪ ಹೋದ, ಆಮೇಲೆ ನಾನು; ಒಂದು ವರ್ಷ ಜ್ವರ ಬಂದಿದ್ದಾಗಲೂ ಕಂಬಳಿ ಹೊದ್ದು ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದಿದ್ದೆ.

ಕಾರು ಕೊಂಡ ವರ್ಷ ಹಬ್ಬದ ಹಿಂದಿನ ದಿನ ಮಳೆಗಾಳಿಗೆ ಊರಿನಲ್ಲಿ ಕರೆಂಟು ಹೋಯಿತು. ಬೆಳಗ್ಗೆ ನೋಡಿದರೆ ಕಾರಿನ ಅಂಕೆ ಮೂವತ್ತರ ಆಸುಪಾಸಿನಲ್ಲಿ ನಿಂತಿತ್ತು. ಹೋಗಬಹುದಿತ್ತೆಂದು ಈಗ ಗೊತ್ತು. ಆಗ ನಡುದಾರಿಯಲ್ಲಿ ನಿಂತರೆ ಗತಿಯೇನೆಂದು ಹೆದರಿದೆ. ಬಸ್ಸುಗಳು ಇದ್ದವು, ಸಾಲಾಗಿ ಇದ್ದವು. ಆದರೆ ಕಾರು ಕೊಂಡ ಮೇಷ್ಟರು ಮೊರ ಹೊತ್ತು ಬಸ್ಸಿನಿಂದ ಇಳಿದರೆ ಸೋಸಲೆಯವರು ನಗುವುದಿಲ್ಲವೇ? ಒಂದು ಕಡೆ ಭಯ, ಇನ್ನೊಂದು ಕಡೆ ಜಂಬ, ನಡುವೆ ಕೈಯಲ್ಲಿ ಫೋನು. ಬಾಗಿನದ ಬಾಬ್ತು ಎಂದು ಬರೆದು ಅಕ್ಕನ ಖಾತೆಗೆ ದುಡ್ಡು ಹಾಕಿಬಿಟ್ಟೆ. ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದೆನೆಂದು ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಅದೇ ದುಡ್ಡು ಅದೇ ದಾರಿಯಲ್ಲಿ ವಾಪಸ್ಸು ಬಂತು.

ಅಲ್ಲಿ ಏನಾಗಿತ್ತೆಂದರೆ, ಇಬ್ಬರು ಸೊಸೆಯರ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಮೊರ ಹೊತ್ತು ಬಂದು ಕೂತಿದ್ದರಂತೆ. ಮನೆಯ ಹಿರಿಯಳಿಗೆ ಮಾತ್ರ ತವರು ಬಂದದ್ದು ಫೋನಿನ ಟಿಂಗ್ ಎಂಬ ಶಬ್ದವಾಗಿ. ಅಕ್ಕ ಅಷ್ಟು ಜನರ ಎದುರಿಗೆ, "ಬಾಗಿನವ ಬ್ಯಾಂಕಿಗೆ ಆಕ್ತಾರಾ? ನಂದೇನು ತವ್ರುಮನೇನಾ, ಎಟಿಎಮ್ಮಾ?" ಎಂದು ಕೇಳಿ, ಇನ್ನು ಅವನ ಜೊತೆ ಮಾತಿಲ್ಲ ಎಂದು ಆಣೆಯಿಟ್ಟು ಒಳಗೆ ಹೋದಳಂತೆ. ಭಾವ ಇದಿಷ್ಟನ್ನೂ ಮರುದಿನ ಫೋನಿನಲ್ಲಿ ಪಿಸುಗುಟ್ಟಿ, ತಮಗೂ ಆ ಆಣೆ ಅನ್ವಯಿಸುತ್ತದೆಂದು ಹೇಳಿ ಇಟ್ಟುಬಿಟ್ಟರು.

ಮುಂದಿನ ಗೌರಿಗೆ ನನಗೆ ಹೋಗಲು ಮುಖವಿರಲಿಲ್ಲ. ನನ್ನ ಹೆಂಡತಿ ಸರ್ವಮಂಗಳಾಳ ತಮ್ಮ ಅವಳಿಗೆ ಬಾಗಿನ ಕೊಡಲು ಬಂದಿದ್ದವನು, ಅವನ ಕೈಯಲ್ಲೇ ಸೋಸಲೆಗೂ ಒಂದು ಜೋಡಿ ಮೊರ ಕಳಿಸಿದೆ. ಸಂಜೆಯೊಳಗೆ ಕಟ್ಟಿದ ದಾರವೂ ಬಿಚ್ಚದೆ ವಾಪಸ್ಸು ಬಂತು. "ಬರ್ಬೇಕಾಗಿದ್ ಕಾಲು ಅವನ್ದು. ಬಂದಿರೋ ಕಾಲು ನಿಂದು. ಊಟ ಮಾಡ್ಕಂಡು ತಗಂಡೋಗಪ್ಪ" ಎಂದಳಂತೆ ಅಕ್ಕ. ಊಟ ಮಾತ್ರ ಒಬ್ಬಟ್ಟಿನದು, ಭರ್ಜರಿಯಾಗಿತ್ತು ಎಂದು ನನ್ನ ಭಾವಮೈದ ವಿನಾಕಾರಣ ಸೇರಿಸಿದ.

ಹೀಗೆ ಎರಡು ಗೌರಿ ಕಳೆದಿದ್ದವು. ನಮ್ಮವ್ವ ಒಂದು ಮಾತು ಹೇಳುತ್ತಿದ್ದಳು: ಒಂದು ವರ್ಷ ಬಾಗಿನ ತಪ್ಪಿದರೆ ಮರೆವು, ಎರಡು ವರ್ಷ ತಪ್ಪಿದರೆ ಮುನಿಸು, ಮೂರು ವರ್ಷ ತಪ್ಪಿದರೆ ಹೆಣ್ಣಿಗೆ ತವರು ಮುಗಿಯಿತು, ಆಮೇಲೆ ಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ಇದು ಊರಿನ ನಿಯಮವೋ ಅವ್ವನ ಸ್ವಂತ ಶಾಸನವೋ ನನಗೆ ತಿಳಿಯದು, ಆದರೆ ಅಕ್ಕ ಅವ್ವನ ಮಾತು ಮೀರುವವಳಲ್ಲ. ಈ ಮೂರನೆಯ ಗೌರಿಗೂ ಅವಳ ಹೊಸ್ತಿಲು ದಾಟದೆ ಹೋದರೆ ನನಗೆ ಅಕ್ಕ ಇಲ್ಲ. ಸರ್ವಮಂಗಳಾ ಆಷಾಢದಿಂದಲೇ ದಿನಕ್ಕೊಮ್ಮೆ ನೆನಪಿಸುತ್ತಿದ್ದಳು. "ಹೋಗಿ ಕಾಲಿಗೆ ಬಿದ್ದುಬಿಡಿ ಕಣ್ರೀ, ಅಕ್ಕನ ಕಾಲು ತಾನೆ" ಎಂದರೆ, ನೋಡೋಣ, ಆಮೇಲೆ ಎನ್ನುತ್ತಿದ್ದೆ. ಹೋಗಿ ಬಾಗಿಲಿನಿಂದಲೇ ಹೊರಡು ಎನಿಸಿಕೊಂಡರೆ ಏನು ಮಾಡುವುದೆಂಬ ಅಳುಕು ನನ್ನದು. ಬಡಿಯದ ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಗೊತ್ತಾಗುವುದಿಲ್ಲವಲ್ಲ, ಆ ಅನುಮಾನದ ನೆರಳಿನಲ್ಲೇ ಹಾಯಾಗಿದ್ದೆ.

ಕಾರು ದುಡ್ಡು ಕೇಳಿದ ಮರುದಿನ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಬಲು ಸೌಜನ್ಯದ ಹೆಣ್ಣುಮಗಳೊಬ್ಬಳು ವಿಷಯವನ್ನು ವಿಶದಪಡಿಸಿದಳು. ಬರೀ ಚಂದಾ ಕಟ್ಟಿದರೆ ಸಾಲದು. ನನ್ನ ಕಾರಿನ ಮೋಡೆಮ್ ಹಳೆಯ ಪೀಳಿಗೆಯದು, ಈಗಿನ ನೆಟ್‌ವರ್ಕಿನ ಭಾಷೆ ಅದಕ್ಕೆ ಇನ್ನು ಮುಂದೆ ತಿಳಿಯುವುದಿಲ್ಲ, ಆದ್ದರಿಂದ ಹೊಸ ಮೋಡೆಮ್ ಹಾಕಿಸಬೇಕು, ಅದರ ಬೆಲೆ ಬೇರೆ, ಚಂದಾ ಬೇರೆ. ಹಳೆಯ ಪೀಳಿಗೆಯದು ಎಂದೊಡನೆ ಆ ಡಬ್ಬಿಯ ಮೇಲೆ ನನಗೆ ಸ್ವಜಾತಿಯ ಪ್ರೀತಿ ಉಕ್ಕಿತು.

"ಹಾಕಿಸದಿದ್ದರೆ ಕಾರು ಓಡುವುದಿಲ್ಲವೇನಮ್ಮ?" ಎಂದು ಕೇಳಿದೆ.

"ಓಡುತ್ತೆ ಸರ್, ಏನೂ ತೊಂದ್ರೆ ಇಲ್ಲ. ಆದ್ರೆ ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ ಅಷ್ಟೆ."

ಇದಕ್ಕಿಂತ ಪರಮಸುಖ ಇನ್ನೇನಿದೆ ಎನಿಸಿತು. ನಾನು ಎಲ್ಲಿದ್ದೇನೆಂದು ಯಾರಿಗೂ ಗೊತ್ತಾಗದಿರಲಿ ಎಂದು ದುಡ್ಡು ಕೊಡಲು ಸಿದ್ಧನಿರುವವನಿಗೆ, ಅದೇ ಸೌಭಾಗ್ಯ ದುಡ್ಡು ಕೊಡದೆಯೇ ದೊರಕುತ್ತಿತ್ತು. ಬೇಡಮ್ಮ, ಒಳ್ಳೆಯದಾಗಲಿ ಎಂದು ಫೋನಿಟ್ಟೆ. ಸರ್ವಮಂಗಳಾ, ಹಾಕಿಸಿಬಿಡಿ, ಏನೋ ಒಂದು ಉಪಯೋಗಕ್ಕೆ ಇರುತ್ತದೆ ಎಂದಳು. ನಾನು ಆ ಸಂಪರ್ಕ ಸೇವೆಯ ಫಲಶ್ರುತಿಯನ್ನು ಒಂದೊಂದಾಗಿ ಎತ್ತಿ ಝಾಡಿಸಿದೆ: ಹಾಸಿಗೆಯ ಮೇಲೆ ಮಲಗಿಯೇ ಕಾರಿನ ಏಸಿ ಹಾಕಬಹುದಂತೆ, ಮಲಗಿದವನಿಗೆ ಕಾರಿನ ತಂಪು ಯಾಕೆ? ಬಾಗಿಲು ಹಾಕಿದೆಯೇ ಎಂದು ಫೋನಿನಲ್ಲಿ ನೋಡಬಹುದಂತೆ, ಕಿಟಕಿಯಿಂದ ಬಗ್ಗಿದರೆ ಕಾಣುತ್ತದಲ್ಲ? ಕಾರು ಎಲ್ಲಿದೆಯೆಂದು ನಕ್ಷೆಯಲ್ಲಿ ಕಾಣುತ್ತದಂತೆ, ನಾನು ಅದರೊಳಗೇ ಕೂತಿರುವಾಗ ಅದು ಎಲ್ಲಿದ್ದರೇನು? ಅವಳು ಎಲ್ಲವನ್ನೂ ಕೇಳಿ, ನಿಮ್ಮ ಬಾಯಿಗೆ ಮಾತ್ರ ಯಾವ ಮೋಡೆಮ್ಮೂ ಬೇಡ ಎಂದು ಅಡುಗೆಮನೆಗೆ ಹೋದಳು.

ನಾಲ್ಕು ದಿನ ನಾನು ಅಜ್ಞಾತವಾಸದ ಸವಾರನಾಗಿ ಊರೆಲ್ಲ ತಿರುಗಿದೆ. ಕಾರು ಮೊದಲಿನಂತೆಯೇ ಓಡಿತು, ಗಾಲಿಗಳು ಚಂದಾ ಕಟ್ಟದೆಯೇ ತಿರುಗಿದವು. ತರಕಾರಿ ಅಂಗಡಿಯ ಮುಂದೆ, ಸೇತುವೆಯ ಬಳಿ, ಸಿಕ್ಕವರಿಗೆಲ್ಲ ಕಂಪನಿಯವರನ್ನು ನಾನು ಸೋಲಿಸಿದ ಕಥೆ ಹೇಳಿದೆ.

ಶುಕ್ರವಾರ ಬೆಳಗ್ಗೆ ಹದಿನಾರು ಎಂಬ ಊರಿಗೆ ಹೋಗಿದ್ದೆ. ಹಬ್ಬಕ್ಕೆ ಇನ್ನು ಐದೇ ದಿನ. ಅಲ್ಲಿನ ಹಳೆಯ ವಿದ್ಯಾರ್ಥಿಯೊಬ್ಬನ ತೋಟದಿಂದ ತೆಂಗಿನಕಾಯಿ ತರಲು ಹೆಂಡತಿ ಅಟ್ಟಿದ್ದಳು. ಕಾಯಿ ತುಂಬಿಸುತ್ತಿರುವಾಗ ಕವಲಂದೆಯಿಂದ ಫೋನು ಬಂತು. ಸೋಮವಾರ ನನಗೆ ಉಣಬಡಿಸಿದ ಗೆಳೆಯರೇ, ನಿವೃತ್ತ ಡ್ರಿಲ್ ಮೇಷ್ಟರು ಪುಟ್ಟಸ್ವಾಮಿ. ಶಾಲೆಯ ಮೈದಾನದಲ್ಲಿ ಕೂಗಿ ಕೂಗಿ ಅವರ ಗಂಟಲು ಈಗಲೂ ಸಣ್ಣದಾಗಿಲ್ಲ.

"ಮೇಷ್ಟ್ರೇ, ಎಲ್ಲಿದ್ದೀರಿ? ಬೇಗ ಬನ್ನಿ. ನಿಮ್ಮಕ್ಕ ಬಂದವ್ರೆ. ನನ್ ತಮ್ಮನ್ನ ಎಲ್ ಮಡಗಿದ್ದೀಯ ಅಂತ ನನ್ನೇ ಇಡ್ಕಂಡವ್ರೆ. ನಿಮ್ ಭಾವ ನಮ್ ಹುಲ್ಲಿನ್ ಮೆದೆ ಕೀಳ್ತಾವ್ರೆ ಕಣ್ರೀ!"

ನಾನು ಎರಡು ಸಲ ಕೇಳಿಸಿಕೊಂಡೆ. ಎರಡು ಸಲವೂ ಹುಲ್ಲಿನ ಮೆದೆ ಎಂದೇ ಕೇಳಿಸಿತು. ಅರ್ಧ ತುಂಬಿದ ಚೀಲವನ್ನು ಹಾಗೆಯೇ ಬಿಟ್ಟು ಕಾರು ಹತ್ತಿದೆ. ಆ ದಿನ ಪರದೆಯ ಅಂಕೆ ಎಷ್ಟಿತ್ತೆಂದು ನಾನು ನೋಡಲಿಲ್ಲ, ಎರಡು ವರ್ಷಗಳಲ್ಲಿ ಅದೇ ಮೊದಲು. ಅಕ್ಕ ಕವಲಂದೆಗೆ ಯಾಕೆ ಬಂದಳು? ಮಂಡಿನೋವಿನಿಂದ ಡೈರಿಯವರೆಗೂ ನಡೆಯದವಳು, ನರಸೀಪುರ ದಾಟಿ, ನಂಜನಗೂಡು ದಾಟಿ, ಅಷ್ಟು ದೂರ ಹೇಗೆ ಬಂದಳು?

ಪುಟ್ಟಸ್ವಾಮಿಯವರ ಕೊಟ್ಟಿಗೆಯ ಮುಂದೆ ಅರ್ಧ ಕವಲಂದೆ ನೆರೆದಿತ್ತು. ಸೋಮವಾರ ನಾನು ಕಾರು ನಿಲ್ಲಿಸಿದ್ದ ಜಾಗದಲ್ಲಿ ಈಗ ಎತ್ತರವಾದ ಹುಲ್ಲಿನ ಮೆದೆ; ನಾನು ಹೊರಟ ಸಂಜೆಯೇ ಒಂದು ಟ್ರ್ಯಾಕ್ಟರ್ ಹುಲ್ಲು ಬಂದಿತ್ತಂತೆ. ಮೆದೆಯ ಒಂದು ಮಗ್ಗುಲನ್ನು ಭಾವ ಆಗಲೇ ಕೆಡವಿದ್ದರು. ತಲೆಯಲ್ಲಿ, ಮೀಸೆಯಲ್ಲಿ ಹುಲ್ಲು. ಹೆಗಲ ಮೇಲೆ, ಕಾರಣ ತಿಳಿಯದು, ಪಂಪ್‌ಸೆಟ್ಟಿನ ವೈರಿನ ದೊಡ್ಡ ಸುರುಳಿ. ಪಕ್ಕದಲ್ಲಿ ಸೋಸಲೆಯಿಂದ ಬಾಡಿಗೆಗೆ ಬಂದ ಆಟೋ. ಅದರ ಸೀಟಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಅಕ್ಕ ಕೂತಿದ್ದಳು, ತೊಡೆಯ ಮೇಲೆ ಊಟದ ಕ್ಯಾರಿಯರು, ಕೈಯಲ್ಲಿ ಫೋನು. ಸುತ್ತಲಿನವರಿಗೆ ಫೋನು ತೋರಿಸುತ್ತ, "ಇಲ್ನೋಡ್ರಪ್ಪ, ಇದೇ ತಾವ ಐತೆ. ಈ ಮೆದೆ ಒಳಗೇ ಐತೆ" ಎಂದು ಹೇಳುತ್ತಿದ್ದಳು.

ನನ್ನ ಕಾರು ಬಂದು ನಿಂತಿತು. ಅಕ್ಕ ಕಾರನ್ನು ನೋಡಿದಳು, ಫೋನನ್ನು ನೋಡಿದಳು, ಮತ್ತೆ ಕಾರನ್ನು ನೋಡಿದಳು. ನಾನು ಇಳಿದೆ. ಎರಡು ವರ್ಷದಲ್ಲಿ ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಸೋಮವಾರ ಇಲ್ಲಿಗೆ ಊಟಕ್ಕೆ ಬಂದಿದ್ದೆ ಎಂದೆ.

"ಸೋಮ್ವಾರ ಬಂದಿದ್ದು ಕಂಡಿವ್ನಿ" ಎಂದಳು. "ವಾಪಸ್ ಓಗಿದ್ದು ಕಾಣ್ನಿಲ್ಲವಲ್ಲೋ!"

ಆಗ ನನಗೆ ನೆನಪಾಯಿತು. ಕಾರು ಕೊಂಡ ಮೊದಲ ವಾರ ಅದನ್ನು ತೋರಿಸಿಕೊಳ್ಳಲು ಸೋಸಲೆಗೆ ಹೋಗಿದ್ದವನು, ಅಕ್ಕನ ಫೋನು ಇಸಿದುಕೊಂಡು, ನಾನು ಎಲ್ಲಿ ಓಡಾಡಿದರೂ ಇದರಲ್ಲಿ ಕಾಣುತ್ತದೆ ನೋಡಕ್ಕ ಎಂದು ಜಂಬ ಕೊಚ್ಚಿಕೊಂಡು, ಕಂಪನಿಯ ಆ ಆ್ಯಪನ್ನು ಹಾಕಿಕೊಟ್ಟಿದ್ದೆ. ಹಾಕಿದ್ದನ್ನು ನಾನು ಅಲ್ಲಿಯೇ ಮರೆತೆ. ಅಕ್ಕ ಮರೆತಿರಲಿಲ್ಲ. ಜಗಳವಾದ ಮೇಲೂ ಬೆಳಗ್ಗೆ ಹಾಲು ಡೈರಿಗೆ ಕಳಿಸಿ, ಜಗುಲಿಯ ಮೇಲೆ ಕಾಲು ಚಾಚಿ, ಫೋನು ತೆಗೆದು, ತಮ್ಮ ಎಲ್ಲಿದ್ದಾನೆಂದು ದಿನಾ ನೋಡುತ್ತಿದ್ದಳಂತೆ. ಮಾತಿಲ್ಲ ಎಂದು ಆಣೆಯಿಟ್ಟಿದ್ದೆಯಲ್ಲಕ್ಕ ಎಂದರೆ, "ಮಾತಾಡಾಕಿಲ್ಲ ಅಂತ ಆಣೆ ಮಡಗಿದ್ದೆ. ನೋಡಾಕಿಲ್ಲ ಅಂತ ಮಡಗಿದ್ನಾ?" ಎಂದು ನನ್ನನ್ನೇ ಕೇಳಿದಳು.

ಸೋಮವಾರದಿಂದ ಕಾರು ಕವಲಂದೆಯಲ್ಲೇ ನಿಂತುಬಿಟ್ಟಿತ್ತು, ಅವಳ ಪಾಲಿಗೆ. ಸಂಪರ್ಕ ಕಡಿದ ಗಳಿಗೆಯಲ್ಲಿ ಅದು ಎಲ್ಲಿತ್ತೋ ಅಲ್ಲೇ ನಕ್ಷೆಯಲ್ಲಿ ಅಂಟಿಕೊಂಡಿತ್ತು. ಮೊದಲ ದಿನ, ಕರೆಂಟು ಮುಗಿದು ನಿಂತಿದೆ ಎಂದುಕೊಂಡಳಂತೆ. ಎರಡನೆಯ ದಿನ, ಹೆಂಡತಿಯ ಜೊತೆ ಜಗಳ ಆಡಿಕೊಂಡು ಬಂದು ಗೆಳೆಯನ ಮನೆಯಲ್ಲಿ ಕೂತಿದ್ದಾನೆ ಎಂದುಕೊಂಡಳಂತೆ. ಅವನ ಬುದ್ಧಿ ನನಗೆ ಗೊತ್ತಿಲ್ಲವೇ ಎಂದು ಸೇರಿಸುವುದನ್ನು ಮರೆಯಲಿಲ್ಲ. ಮೂರನೆಯ ದಿನ ಮನಸ್ಸು ಕೆಟ್ಟದ್ದನ್ನು ಯೋಚಿಸಲು ಶುರುಮಾಡಿತು. ಭಾವ ಫೋನ್ ಮಾಡುತ್ತೇನೆಂದರೆ ಬಿಡಲಿಲ್ಲ, ಫೋನ್ ಮಾಡಿದರೆ ಅದು ಮಾತಾಡಿದ ಲೆಕ್ಕ. ನಾಲ್ಕನೆಯ ದಿನ ಬೆಳಗ್ಗೆ ಎದ್ದು ಅಕ್ಕಿರೊಟ್ಟಿ ತಟ್ಟಿ, ಹುಚ್ಚೆಳ್ಳಿನ ಚಟ್ನಿ ಅರೆದು, ಕ್ಯಾರಿಯರಿಗೆ ತುಂಬಿ, ಆಟೋ ಕರೆಸಿ, ಪಂಪ್‌ಸೆಟ್ಟಿನ ವೈರನ್ನು ಬಿಚ್ಚಿಸಿ ಭಾವನ ಹೆಗಲಿಗೆ ಹಾಕಿದಳು. ಎಲ್ಲಾದರೂ ಒಂದು ಮನೆಯಿಂದ ಕರೆಂಟು ಎಳೆದು ತಮ್ಮನ ಕಾರಿಗೆ ಕೊಡಿಸಿದರೆ ಅವನು ಮನೆ ಸೇರುತ್ತಾನೆ ಎಂಬುದು ಅವಳ ಯೋಜನೆ. ದಾರಿಯಲ್ಲಿ ನಂಜನಗೂಡಿನ ನಮ್ಮ ಬೀದಿಯಲ್ಲಿ ಹಾಯುವಾಗ, ಬಾಗಿನ ತಾರದ ತಮ್ಮನ ಹೊಸ್ತಿಲು ತುಳಿಯುವಂತಿಲ್ಲವಾದ್ದರಿಂದ ಆಟೋದಿಂದಲೇ ಇಣುಕಿದ್ದಾಳೆ. ನಾನು ಹದಿನಾರಿಗೆ ಹೋಗಿದ್ದೆ, ಮನೆಯ ಮುಂದೆ ಕಾರಿಲ್ಲ. ಇನ್ನು ಅನುಮಾನಕ್ಕೆ ಎಡೆಯೆಲ್ಲಿ?

ಇದನ್ನೆಲ್ಲ ಕೇಳಿ ಪುಟ್ಟಸ್ವಾಮಿಯವರು ಮೊದಲು ನಕ್ಕರು, ಮೈದಾನದ ಗಂಟಲಿನಲ್ಲಿ. ಆಮೇಲೆ ನೆರೆದವರೆಲ್ಲ ನಕ್ಕರು. ಭಾವ ಮೀಸೆಯಿಂದ ಹುಲ್ಲು ಕಿತ್ತುಕೊಳ್ಳುತ್ತ, "ನಾನ್ ಏಳ್ದೆ ಕಣಪ್ಪ, ಮೆದೆ ಒಳೀಕೆ ಕಾರು ಯಾವನ್ ಬುಡ್ತಾನೆ ಅಂತ. ಕೇಳ್ಬೇಕಲ್ಲ ನಿಮ್ಮಕ್ಕ" ಎಂದರು. ನಾನೂ ನಗಲು ಬಾಯಿ ತೆರೆದೆ. ಆಗ ಅಕ್ಕ ತಗ್ಗಿದ ದನಿಯಲ್ಲಿ ನನಗೆ ಮಾತ್ರ ಕೇಳುವಂತೆ ಒಂದು ಮಾತು ಹೇಳಿದಳು.

"ನಮ್ಮೂರ್ ತಿರುವಿನ ಗಂಟ ಬಂದು ವಾಪಸ್ ಓಗಿದ್ದೀಯ. ಏಳು ಸರ್ತಿ. ಅಲ್ಲಿ ಟೀ ಅಂಗಡಿ ತಾವ ನಿಂತ್ಕತೀಯ, ಆಮೇಲ್ ತಿರುಗಿಸ್ಕಂಡು ಓಯ್ತೀಯ. ಏಳು ಸರ್ತೀನೂ ಒಂದ್ ಪಾವು ಅಕ್ಕಿ ಜಾಸ್ತಿ ಆಕಿದ್ದೆ ಕಣ್ಲಾ."

ಇದನ್ನು ನಾನು ಹೆಂಡತಿಗೆ ಹೇಳಿರಲಿಲ್ಲ. ಓದುಗರೇ, ಇಷ್ಟು ಹೊತ್ತು ಜೊತೆಯಲ್ಲಿ ನಡೆದು ಬಂದ ನಿಮಗೂ ಹೇಳಿರಲಿಲ್ಲ. ನದಿ ಸಂಗಮದ ಗಾಳಿಗೆ ಹೋಗಿಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ನರಸೀಪುರದ ಆಚೆಗೆ ಹೋಗಿ, ಸೋಸಲೆಯ ತಿರುವಿನಲ್ಲಿ ಕಾರು ನಿಲ್ಲಿಸಿ, ಒಂದು ಟೀ ಕುಡಿದು, ಇವತ್ತು ಬೇಡ ಎಂದು ತಿರುಗಿ ಬಂದದ್ದು ನಿಜ. ಎಷ್ಟು ಸಲವೆಂದು ನಾನು ಲೆಕ್ಕ ಇಟ್ಟಿರಲಿಲ್ಲ. ನಾನು ಯಾರ ಕಣ್ಣಿಗೂ ಬೀಳದೆ ಹಿಂದಿರುಗುತ್ತಿದ್ದೇನೆಂದು ತಿಳಿದಿದ್ದ ಆ ಹೊತ್ತಿನಲ್ಲೆಲ್ಲ, ಕೂಗಳತೆಯ ದೂರದಲ್ಲಿ ಒಬ್ಬಳು ಫೋನು ಹಿಡಿದು, ಬಂದ, ಬಂದ ಎಂದುಕೊಂಡು ಒಲೆಯ ಮುಂದೆ ನಿಂತಿದ್ದಳು. ಅರವತ್ತು ದಾಟಿದ ಗಂಡಸು ಬೀದಿಯಲ್ಲಿ ಅಳಬಾರದೆಂದು ನಿಯಮವಿದ್ದರೆ ಕವಲಂದೆಯಲ್ಲಿ ನಾನು ಅದನ್ನು ಮುರಿದೆ. ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿ, ಪುಟ್ಟಸ್ವಾಮಿಯವರ ಮನೆಯಾಕೆಯಿಂದ ತಟ್ಟೆ ಇಸಿದುಕೊಂಡು, ಆಟೋದ ಸೀಟಿನ ಮೇಲೆಯೇ ರೊಟ್ಟಿ ಬಡಿಸಿದಳು. ನನಗೆ, ಭಾವನಿಗೆ, ಆಟೋದವನಿಗೆ, ಮೆದೆ ಕಳೆದುಕೊಂಡ ಪುಟ್ಟಸ್ವಾಮಿಯವರಿಗೂ ಸಾಕಾಗುವಷ್ಟು ರೊಟ್ಟಿಯಿತ್ತು.

ಉಂಡ ಮೇಲೆ ನಾವೆಲ್ಲ ಸೇರಿ ಮೆದೆಯನ್ನು ಮತ್ತೆ ಒಟ್ಟಿದೆವು. ನಾನು ಒಟ್ಟಿದ ಮಗ್ಗುಲು ಎರಡು ಸಲ ಜಾರಿತು. ಮನೆಗೆ ಬಂದು ಹೋಗಕ್ಕ ಎಂದು ಎಷ್ಟು ಕರೆದರೂ ಅಕ್ಕ ಒಪ್ಪಲಿಲ್ಲ. ಹೊರಡುವಾಗ, "ಗೌರಿಗೆ ಬಾ. ಕಾಲಲ್ಲಿ ಬಾ, ಫೋನಲ್ಲಿ ಬರ್ಬ್ಯಾಡ. ಈ ಸರ್ತಿ ಬರ್ನಿಲ್ಲ ಅಂದ್ರೆ ಅವ್ವ ಏಳಿದ್ದು ಗೊತ್ತಲ್ಲ" ಎಂದಳು. ಅಷ್ಟು ಉಣಿಸಿದ ಮೇಲೂ ಮೂರನೆಯ ವರ್ಷದ ಕಟ್ಟಳೆಯನ್ನು ಅವಳು ಸಡಿಲಿಸಲಿಲ್ಲ.

ಮರುದಿನವೇ ಮೈಸೂರಿಗೆ ಹೋದೆ. ಸರ್ವೀಸ್ ಸೆಂಟರಿನಲ್ಲಿ ನಡುವಯಸ್ಸಿನ ಮೆಕ್ಯಾನಿಕ್ ಒಬ್ಬರು ಕಾರಿನ ಮುಂಭಾಗ ಬಿಚ್ಚಿ ಹಳೆಯ ಮೋಡೆಮನ್ನು ಹೊರತೆಗೆದು ನನ್ನ ಅಂಗೈಯ ಮೇಲಿಟ್ಟರು. ಸೋಪಿನ ಪೆಟ್ಟಿಗೆಯಷ್ಟು ಇತ್ತು. ನನ್ನ ಗುಟ್ಟುಗಳನ್ನೆಲ್ಲ ಸೋಸಲೆಗೆ ಮುಟ್ಟಿಸಿದ ಚಾಡಿಕೋರ ಇದೇ ಎಂದು ಸ್ವಲ್ಪ ಹೊತ್ತು ಹಿಡಿದು ನೋಡಿದೆ. ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡೆ. ಹೊಸದನ್ನು ಕೂರಿಸಿ ಅವರು ಕೇಳಿದರು:

"ಚಂದಾ ಎಷ್ಟು ವರ್ಷಕ್ಕೆ ಹಾಕ್ಲಿ ಸಾ?"

"ಇರೋದ್ರಲ್ಲಿ ಉದ್ದದ್ದು ಹಾಕಿ."

"ಲೊಕೇಶನ್ ಆಫ್ ಮಾಡ್ಲಾ ಸಾ? ಬಾಳ ಜನ ಆಫ್ ಮಾಡಿಸ್ಬುಡ್ತಾರೆ, ಮನೆಯವ್ರು ನೋಡ್ತಾರೆ ಅಂತ."

ಬೇಡ, ನೋಡಲಿ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಗುಂಡಿ ಒತ್ತಿದರು. ನಾಲ್ಕು ದಿನದ ಹಿಂದೆ ಊರೆಲ್ಲ ಸಾರಿಕೊಂಡು ಬಂದಿದ್ದ ವಾದಗಳಲ್ಲಿ ಒಂದೂ ಆಗ ನನ್ನ ಬಾಯಿಗೆ ಬರಲಿಲ್ಲ. ಯಾರಿಗೂ ಕಾಣದಂತೆ ಬದುಕುವುದೇ ಸ್ವಾತಂತ್ರ್ಯವೆಂದು ನಂಬಿದ್ದವನಿಗೆ, ಎರಡು ವರ್ಷ ತನ್ನನ್ನು ಒಂದು ಜೊತೆ ಕಣ್ಣು ಕಾಯುತ್ತಿತ್ತೆಂದು ತಿಳಿದಾಗ ಆದ ಸಂತೋಷವನ್ನು ಹೇಗೆ ಹೇಳಲಿ? ನನಗೆ ನಿಜವಾಗಿಯೂ ಬಹಳ ಸಂತೋಷವಾಗಿತ್ತು. ಬರುವಾಗ ದಾರಿಯುದ್ದಕ್ಕೂ, ಈಗ ಅಕ್ಕ ನೋಡುತ್ತಿರಬಹುದೆಂದು, ಪರೀಕ್ಷೆಗೆ ಕೂತ ವಿದ್ಯಾರ್ಥಿಯ ಶಿಸ್ತಿನಲ್ಲಿ ಕಾರು ಓಡಿಸಿದೆ.

ಗೌರಿ ಹಬ್ಬದ ಬೆಳಗ್ಗೆ ಸರ್ವಮಂಗಳಾ ಜೋಡಿ ಮೊರ ಕಟ್ಟಿ, ಸೀರೆ ಮೇಲಿಟ್ಟು, ಹಿಂದಿನ ಸೀಟಿನಲ್ಲಿ ಜೋಪಾನವಾಗಿ ಕೂರಿಸಿ ಬೆಲ್ಟು ಹಾಕಿದಳು. ಅವಳ ತಮ್ಮ ಅವಳಿಗೆ ಬಾಗಿನ ತರುವ ಹೊತ್ತು, ಅವಳು ಮನೆ ಬಿಡುವಂತಿರಲಿಲ್ಲ, ನಾನೊಬ್ಬನೇ ಹೊರಟೆ. ಗದ್ದೆಗಳಲ್ಲಿ ನಾಟಿಯಾಗಿ ಹಸಿರು ಹಿಡಿದಿತ್ತು, ದಾರಿಯಲ್ಲಿ ನನ್ನಂತೆಯೇ ಮೊರ ಹೊತ್ತ ಅಣ್ಣತಮ್ಮಂದಿರು ಬೈಕುಗಳಲ್ಲಿ, ಬಸ್ಸುಗಳಲ್ಲಿ ಹೋಗುತ್ತಿದ್ದರು. ಬಸ್ಸಿನಿಂದ ಇಳಿದವರನ್ನು ನೋಡಿ ಯಾರೂ ನಗುತ್ತಿರಲಿಲ್ಲ. ನರಸೀಪುರ ದಾಟಿತು. ಸೋಸಲೆಯ ತಿರುವು ಬಂತು, ಟೀ ಅಂಗಡಿ ಬಂತು, ಬಂದೊಡನೆ ನನ್ನ ಕಾಲು ತಾನಾಗಿ ಬ್ರೇಕು ಒತ್ತಿತು. ಏಳು ಸಲದ ಅಭ್ಯಾಸ. ರಸ್ತೆಯ ಬದಿಗೆ ನಿಲ್ಲಿಸಿದೆ. ಇಷ್ಟು ಜನರ ನಡುವೆ ಆ ಹೊಸ್ತಿಲಿನ ಮೇಲೆ ಮೊದಲ ಮಾತು ಏನು ಆಡುವುದು? ಸೊಸೆಯರ ಅಣ್ಣತಮ್ಮಂದಿರು ನಕ್ಕರೆ? ಅಂಗಡಿಯವನು ಗುರುತು ಹಿಡಿದು, ಕೇಳುವ ಮೊದಲೇ ಲೋಟಕ್ಕೆ ಟೀ ಸುರಿಯಲು ಕೆಟಲು ಎತ್ತಿದ.

ಫೋನು ಹೊಡೆದುಕೊಂಡಿತು. ಕಾರಿನ ಸ್ಪೀಕರುಗಳಿಂದೆಲ್ಲ ಒಟ್ಟಿಗೆ ಅಕ್ಕನ ದನಿ ಹೊರಬಂತು. ಎರಡು ವರ್ಷ, ಎರಡು ಗೌರಿ ಕಳೆದ ಮೇಲೆ ಅವಳು ನನಗೆ ಮಾಡಿದ ಮೊದಲ ಫೋನು.

"ಅದ್ಯಾಕ್ಲಾ ನಿಂತ್ಕಂಡೆ? ತಿರುಗ್ಸು ಈ ಕಡೀಕೆ."

ತಿರುಗಿಸಿದೆ.